ಸವಳಿ ಚಟ್ನಿಯಲ್ಲಿ ಎಷ್ಟು ಪ್ರೊಟೀನು?

ಮಾವು, ಗೇರು, ಹಲಸಿನ ಎಲೆಗಳನ್ನು ಬಿಳಿ ನೂಲಿನಿಂದ ಹೊಲಿದು ಚೆಂಡಿನಂಥ ಗೂಡು ಕಟ್ಟುವ ಕೆಂಪಿರುವೆಗೆ ನಮ್ಮ ಕಡೆ ಊರಿಗೊಂದು ಹೆಸರು. ಸವಳಿ ಎನ್ನುವವರಿದ್ದಾರೆ, ಚಗಳಿ, ಚಿಗಳಿ ಎನ್ನುವವರೂ ಇದ್ದಾರೆ. ಜೋಯಿಡಾ, ಯಲ್ಲಾಪುರದ ಕಾಡಂಚಿನ ಮನೆಗಳಲ್ಲಿ ಇದರ ಚಟ್ನಿ ಗಂಜಿಗೆ ನಂಚಿಕೊಳ್ಳುವ ಪದಾರ್ಥ. ಅದನ್ನು ತಿನ್ನುವವರನ್ನು ನೋಡಿ ಮುಖ ಸಿಂಡರಿಸುತ್ತಿದ್ದ ಕಾಲ ಪೂರ್ತಿ ಹೋಗಿಲ್ಲ. ಆದರೆ ಈಗ ಗಾಳಿ ಇನ್ನೊಂದು ಕಡೆಯಿಂದಲೂ ಬೀಸತೊಡಗಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2013ರಲ್ಲಿ ಕೀಟಾಹಾರದ ಬಗ್ಗೆ ದೊಡ್ಡ ವರದಿ ತಂದಿತು. ಜಗತ್ತಿನಲ್ಲಿ ಮನುಷ್ಯರು ತಿನ್ನುವ ಕೀಟಗಳು 1,900ಕ್ಕೂ ಹೆಚ್ಚು ಬಗೆ ಎಂದು ಅದು ಲೆಕ್ಕ ಕೊಟ್ಟಿತು. 2024ರ ಜನವರಿಯಲ್ಲಿ ಒಡಿಶಾದ ಮಯೂರಭಂಜ್‌ನ ಸಿಮಿಲಿಪಾಲ್ ಕಾಯಿ ಚಟ್ನಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅಲ್ಲಿ ‘ಕಾಯಿ’ ಎಂದರೆ ತೆಂಗಿನಕಾಯಿಯಲ್ಲ, ಇದೇ ಇರುವೆ. ಅಲ್ಲಿಂದ ಮೊಬೈಲ್ ತೆರೆದರೆ ಸಾಕು, ‘ಕೋಳಿಗಿಂತ ಮೂರು ಪಟ್ಟು ಪ್ರೊಟೀನು’ ಎಂಬ ಸುದ್ದಿ.

ಮುಖ ಸಿಂಡರಿಸುವುದೂ ತಪ್ಪು, ಮೂರು ಪಟ್ಟಿನ ಮಾತೂ ತಪ್ಪು. ಕೀಟ ಒಳ್ಳೆಯ ಆಹಾರವೇ. ಆದರೆ ಅದರ ಅಂಕಿಗಳನ್ನು ಮೂರು ಕಡೆ ತಡೆದು ನೋಡಬೇಕು: ತೂಗಿದ್ದರಲ್ಲಿ ನೀರೆಷ್ಟು, ಪ್ರೊಟೀನು ಅಳೆದ ಬಗೆ ಯಾವುದು, ತಟ್ಟೆಗೆ ಬಿದ್ದದ್ದು ಎಷ್ಟು. ಕಾರವಾರ, ಅಂಕೋಲೆ, ಕುಮಟೆಯ ಜನರಿಗೆ ಇದು ಬೇಗ ಅರ್ಥವಾಗುತ್ತದೆ. ಮೊದಲ ಲೆಕ್ಕ ಒಣಮೀನಿನದು, ಎರಡನೆಯದು ಶೆಟ್ಲಿಯ, ಅಂದರೆ ಸಿಗಡಿಯ, ಸಿಪ್ಪೆಯದು.

ಹಸಿ ತೂಕ, ಒಣ ತೂಕ

ಹಸಿ ಬಂಗಡೆಯಲ್ಲಿ ಸುಮಾರು ಮುಕ್ಕಾಲು ಪಾಲು ನೀರು. 100 ಗ್ರಾಂ ಮೀನಿಗೆ ಪ್ರೊಟೀನು 19 ಗ್ರಾಂ ಆಸುಪಾಸು. ಅದೇ ಬಂಗಡೆಯನ್ನು ನೀರೆಲ್ಲ ಹೋಗುವಷ್ಟು ಒಣಗಿಸಿದಿರಿ ಎನ್ನಿ. ಉಳಿಯುವುದು 25 ಗ್ರಾಂ, ಅದರೊಳಗೆ ಮೊದಲಿನ ಅದೇ 19 ಗ್ರಾಂ ಪ್ರೊಟೀನು. ಈಗ 100 ಗ್ರಾಂ ಲೆಕ್ಕದಲ್ಲಿ ಹೇಳಿದರೆ 76 ಗ್ರಾಂ! ಮೀನು ಬದಲಾಗಲಿಲ್ಲ, ತಕ್ಕಡಿಯಿಂದ ನೀರು ಇಳಿಯಿತು ಅಷ್ಟೆ. ಒಣಮೀನು ಕೊಳ್ಳುವವರು ಕೆಜಿಗೆ ಹೆಚ್ಚು ದುಡ್ಡು ಕೊಡುವುದೂ ಇದೇ ಕಾರಣಕ್ಕೆ.

ಇದನ್ನೇ ಕೀಟಕ್ಕೆ ಹಚ್ಚಿ. ಥೈಲ್ಯಾಂಡ್‌ನಲ್ಲಿ ಸಾಕಿ ಮಾರುವ, ಮಿಡತೆಯ ಬಳಗದ ಕ್ರಿಕೆಟ್ ಹುಳು ಹಸಿಯಾಗಿದ್ದಾಗ 100 ಗ್ರಾಂನಲ್ಲಿ ನೀರು 69, ಪ್ರೊಟೀನು 20.5, ಕೊಬ್ಬು 6.8 ಗ್ರಾಂ. ಹಿಟ್ಟಿನಲ್ಲಿ ಹುಟ್ಟುವ ಹಳದಿ ಹುಳು, ಅಂದರೆ ಮೀಲ್‌ವರ್ಮ್, ಆದರೆ ನೀರು 62, ಪ್ರೊಟೀನು 18.7, ಕೊಬ್ಬು 13.4. ಜೇನುಮರಿಯಲ್ಲಿ ನೀರು 77, ಪ್ರೊಟೀನು 9.4 ಮಾತ್ರ. ಹಸಿ ಮಾಂಸಕ್ಕೆ ಹಸಿ ಹುಳು ಇಟ್ಟು ನೋಡಿದರೆ ಕ್ರಿಕೆಟ್ ಕೋಳಿ, ಮೀನಿಗೆ ಸರಿಸಮ, ಜೇನುಮರಿ ಅರ್ಧಕ್ಕೆ ನಿಲ್ಲುತ್ತದೆ. ಕ್ರಿಕೆಟನ್ನು ಒಣಗಿಸಿ ಪುಡಿ ಮಾಡಿದರೆ 31 ಗ್ರಾಂನಲ್ಲಿ 20.5, ಅಂದರೆ ಶೇ. 66. ಈ 66ನ್ನು ಹಸಿ ಕೋಳಿಯ 20-22ರ ಪಕ್ಕ ಇಟ್ಟಾಗ ಹುಟ್ಟುವುದೇ ‘ಮೂರು ಪಟ್ಟು’. ಕೋಳಿಯ ಎದೆಮಾಂಸವನ್ನೂ ಒಣಗಿಸಿ ತೂಗಿದರೆ ಅದು ಕ್ರಿಕೆಟ್ ಪುಡಿಗಿಂತ ಮುಂದೆ ಹೋಗುತ್ತದೆ. ಹಾಗಾಗಿ ಎಲ್ಲೇ ಕೀಟದ ಪ್ರೊಟೀನಿನ ಅಂಕಿ ಕಂಡರೂ ಮೊದಲು ಕೇಳಬೇಕಾದದ್ದು: ಹಸಿಯದೋ, ಒಣಗಿದ್ದೋ?

ಸಿಪ್ಪೆಯೊಳಗಿನ ಸಾರಜನಕ

ಎರಡನೆಯ ಲೆಕ್ಕ ಸ್ವಲ್ಪ ನಿಧಾನ ಬೇಡುತ್ತದೆ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಪ್ರೊಟೀನನ್ನು ನೇರವಾಗಿ ಅಳೆಯುವುದಿಲ್ಲ. ಯೋಹಾನ್ ಕೆಲ್ಡಾಲ್ ಎಂಬ ರಸಾಯನಶಾಸ್ತ್ರಜ್ಞ 1883ರಲ್ಲಿ ಕೋಪನ್‌ಹೇಗನ್‌ನಲ್ಲಿ ಕಂಡುಹಿಡಿದ ಕ್ರಮ ಇಂದಿಗೂ ನಡೆದಿದೆ. ಆಹಾರವನ್ನು ಗಂಧಕಾಮ್ಲದಲ್ಲಿ ಕುದಿಸಿ ಅದರ ಸಾರಜನಕ ಎಷ್ಟೆಂದು ಅಳೆಯುತ್ತಾರೆ, ಬಂದ ಅಂಕಿಯನ್ನು 6.25ರಿಂದ ಗುಣಿಸುತ್ತಾರೆ. ಪ್ರೊಟೀನಿನಲ್ಲಿ ಶೇ. 16 ಸಾರಜನಕ ಇರುತ್ತದೆ ಎಂಬ ಎಣಿಕೆ ಇದರ ಹಿಂದಿದೆ. ಮಾಂಸಕ್ಕೆ, ಮೀನಿಗೆ ಇದು ಸರಿಹೊಂದುತ್ತದೆ.

ಕೀಟಕ್ಕೆ ಸರಿಹೊಂದುವುದಿಲ್ಲ, ಏಕೆಂದರೆ ಕೀಟವನ್ನು ನಾವು ಸಿಪ್ಪೆಸಮೇತ ತಿನ್ನುತ್ತೇವೆ. ಕೀಟ, ಶೆಟ್ಲಿ, ಏಡಿ ಎಲ್ಲ ಒಂದೇ ಬಳಗದವು. ಮೂರಕ್ಕೂ ಹೊರಕವಚ ಕೈಟಿನ್ ಎಂಬ ವಸ್ತುವಿನದು. ಶೆಟ್ಲಿ ಸುಲಿಯುವಾಗ ಕೈಗೆ ಬರುವ ಪಾರದರ್ಶಕ ಸಿಪ್ಪೆ ಇದೆಯಲ್ಲ, ಅದರ ಒಂದು ಮುಖ್ಯ ಭಾಗ ಇದೇ. ಕೈಟಿನ್ ಪ್ರೊಟೀನಲ್ಲ, ಸಕ್ಕರೆಯ ಕೊಂಡಿಗಳು ಸಾಲಾಗಿ ಸೇರಿದ ನಾರು. ಆದರೆ ಪ್ರತಿ ಕೊಂಡಿಯಲ್ಲೂ ಒಂದು ಸಾರಜನಕದ ಪರಮಾಣು ಇದೆ. ತೂಕದಲ್ಲಿ ಅದು ಶೇ. 6.9. ಕೆಲ್ಡಾಲ್ ಕ್ರಮಕ್ಕೆ ಇದು ಗೊತ್ತಾಗುವುದಿಲ್ಲ. 6.9ನ್ನು 6.25ರಿಂದ ಗುಣಿಸಿ ನೋಡಿ: 43. ಒಂದು ಗ್ರಾಂ ಪ್ರೊಟೀನೂ ಇಲ್ಲದ ಶುದ್ಧ ಕೈಟಿನ್‌ಗೆ ಲೆಕ್ಕ ‘ಶೇ. 43 ಪ್ರೊಟೀನು’ ಎಂದು ಪ್ರಮಾಣಪತ್ರ ಕೊಡುತ್ತದೆ!

ನೆದರ್‌ಲ್ಯಾಂಡ್ಸ್‌ನ ವಾಖನಿಂಗನ್ ವಿಶ್ವವಿದ್ಯಾಲಯದವರು 2017ರಲ್ಲಿ ಮೀಲ್‌ವರ್ಮ್ ಸೇರಿ ಮೂರು ಬಗೆಯ ಹುಳುಗಳ ಅಮೈನೋ ಆಮ್ಲಗಳನ್ನೇ ಒಂದೊಂದಾಗಿ ಅಳೆದರು. ಇಡೀ ಹುಳುವಿಗೆ 6.25 ಅಲ್ಲ, 4.76ರಿಂದ ಗುಣಿಸಬೇಕು ಎಂದು ಹೇಳಿದರು. ಮೇಲೆ ಹೇಳಿದ ಮೀಲ್‌ವರ್ಮ್‌ನ 18.7 ಗ್ರಾಂ ಆಗ 14.2ಕ್ಕೆ ಇಳಿಯುತ್ತದೆ. ಈ ಗುಣಕ ಹುಳುವಿನಿಂದ ಹುಳುವಿಗೆ ಬೇರೆ. ಆದರೂ ನೆನಪಿಡಲು ಸುಲಭದ ದಾರಿ ಇದೆ: 6.25ರಿಂದ ಗುಣಿಸಿದ ಅಂಕಿಯಲ್ಲಿ ಐದನೇ ಒಂದರಿಂದ ನಾಲ್ಕನೇ ಒಂದು ಪಾಲಿನಷ್ಟು ಕಳೆದು ಓದಿದರೆ ವಾಸ್ತವಕ್ಕೆ ಹತ್ತಿರ ಬರುತ್ತೀರಿ. ಕವಚ ಗಟ್ಟಿಯಾದಷ್ಟೂ ಕಳೆಯುವುದು ಹೆಚ್ಚು. ಮೆತ್ತಗಿನ ಮೊಟ್ಟೆ, ಮರಿಗಳಲ್ಲಿ ಕೈಟಿನ್ ಕಡಿಮೆ, ಬಲಿತ ದುಂಬಿಯಲ್ಲಿ ಜಾಸ್ತಿ. ಸವಳಿ ಗೂಡಿನ ಬಿಳಿ ಭಾಗಕ್ಕೆ, ಅಂದರೆ ಮೊಟ್ಟೆ-ಮರಿಗೆ, ಕಾಡಂಚಿನ ಜನ ಹೆಚ್ಚು ಬೆಲೆ ಕೊಡುವುದರಲ್ಲಿ ರುಚಿಯಷ್ಟೇ ಅಲ್ಲ, ಜೀರ್ಣದ ಅನುಕೂಲವೂ ಇದೆ.

ಹಾಗಂತ ಕೈಟಿನ್ ಕಸವಲ್ಲ. ಅದು ನಾರಿನ ಕೆಲಸ ಮಾಡುತ್ತದೆ, ಮನುಷ್ಯರ ಜಠರರಸದಲ್ಲಿ ಅದನ್ನು ಸ್ವಲ್ಪ ಮಟ್ಟಿಗೆ ಒಡೆಯುವ ಕಿಣ್ವವೂ ಪತ್ತೆಯಾಗಿದೆ. ಅದನ್ನು ಪ್ರೊಟೀನಿನ ಖಾತೆಗೆ ಬರೆಯಬಾರದು, ಇಷ್ಟೇ.

ಒಂದು ಚಟ್ನಿಯ ಲೆಕ್ಕ

ಈಗ ತಟ್ಟೆಗೆ ಬರೋಣ. ಗೂಡು ಇಳಿಸುವುದು ಬೆಳಗಿನ ತಂಪಿನಲ್ಲಿ. ಬಿಸಿಲೇರಿದರೆ ಇರುವೆ ಚುರುಕಾಗಿ ಕೈಮೇಲೆ ಏರುತ್ತದೆ. ಸವಳಿಗೆ ಮುಳ್ಳಿಲ್ಲ. ಕಚ್ಚಿ, ಗಾಯಕ್ಕೆ ಹಿಂಬದಿಯಿಂದ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ, ಉರಿ ಅದರದು. ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಬೇಕು. ಟೊಂಗೆ ಸಮೇತ ಕತ್ತರಿಸಿದ ಗೂಡನ್ನು ದಪ್ಪ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಬಿಸಿಲಿಗಿಟ್ಟರೆ ಇರುವೆ ಸಾಯುತ್ತದೆ. ಆಮೇಲೆ ಎಲೆ, ಕಡ್ಡಿ ಆರಿಸಿ ಮೊರದಲ್ಲಿ ಕೇರಬೇಕು.

ನಾಲ್ಕು ಜನರಿಗೆ ಇರುವೆ, ಮೊಟ್ಟೆ, ಮರಿ ಎಲ್ಲ ಸೇರಿ 40 ಗ್ರಾಂ ಸಾಕು. ಕಾಲು ಕಾಯಿಯ ತುರಿ, ಆರೆಂಟು ಸೂಜಿಮೆಣಸು, ಐದಾರು ಎಸಳು ಬೆಳ್ಳುಳ್ಳಿ, ಚೂರು ಶುಂಠಿ, ಉಪ್ಪು. ಹುಣಸೆಹಣ್ಣು ಬೇಡ, ಹುಳಿಯನ್ನು ಇರುವೆಯೇ ತರುತ್ತದೆ. ಇರುವೆಯನ್ನು ಎಣ್ಣೆ ಹಾಕದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು. ಬಣ್ಣ ಕಪ್ಪಗಾಗಿ, ಬೆರಳಲ್ಲಿ ಹಿಸುಕಿದರೆ ಪುಡಿಯಾದಾಗ ಇಳಿಸಬೇಕು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಅತಿಯಾಗಿ ಹುರಿಯುವುದು. ಫಾರ್ಮಿಕ್ ಆಮ್ಲ ಹೆಚ್ಚುಕಡಿಮೆ ನೀರು ಕುದಿಯುವ ಉಷ್ಣತೆಯಲ್ಲೇ ಕುದಿಯುತ್ತದೆ, ಹಬೆಯ ಜೊತೆ ಹಾರಿಹೋಗುತ್ತದೆ. ಹೆಚ್ಚು ಹುರಿದರೆ ಹುಳಿ ಹೋಗಿ ಕಹಿ ಉಳಿಯುತ್ತದೆ. ಆ ಹಬೆ ಕಣ್ಣು ಮೂಗಿಗೆ ಚುರುಗುಟ್ಟುವುದರಿಂದ ಕಿಟಕಿ ತೆರೆದಿರಬೇಕು. ಕೊನೆಗೆ ಎಲ್ಲ ಸೇರಿಸಿ ನೀರು ಕಡಿಮೆ ಹಾಕಿ ಗಟ್ಟಿಯಾಗಿ ಅರೆಯುವುದು.

ಅರುಣಾಚಲ ಪ್ರದೇಶದ ಸವಳಿಯನ್ನು ಪರೀಕ್ಷಿಸಿದಾಗ ಒಣ ತೂಕದಲ್ಲಿ ಪ್ರೊಟೀನು ಸುಮಾರು ಶೇ. 55, ಕೊಬ್ಬು 15 ಬಂದಿದೆ. ನಮ್ಮ 40 ಗ್ರಾಂನಲ್ಲಿ ಮೂರನೇ ಎರಡು ಪಾಲು ನೀರು ಎಂದು ಹಿಡಿಯೋಣ. ಒಣ ತೂಕ 13 ಗ್ರಾಂ, ಪ್ರೊಟೀನು 7 ಗ್ರಾಂ, ಸಿಪ್ಪೆಯ ಪಾಲು ಕಳೆದರೆ ಐದೂವರೆ. ನಾಲ್ಕು ಜನ ಹಂಚಿಕೊಂಡರೆ ತಲೆಗೆ ಒಂದೂವರೆ ಗ್ರಾಂ ಕೂಡ ಪೂರ್ತಿ ಇಲ್ಲ. ಒಂದು ಕೋಳಿಮೊಟ್ಟೆಯಲ್ಲಿ ಆರು ಗ್ರಾಂ ಇರುತ್ತದೆ. 55 ಕೆಜಿ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ, 65 ಕೆಜಿಯ ಗಂಡಸಿಗೆ 54 ಗ್ರಾಂ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕ. ಶಕ್ತಿಯ ಮಾತಿಗೆ ಬಂದರೆ ಈ ಚಟ್ನಿಯ ಕ್ಯಾಲೊರಿ ಬಹುಪಾಲು ತೆಂಗಿನಕಾಯಿಯದು.

ಇದರಿಂದ ಚಟ್ನಿಯ ಮರ್ಯಾದೆ ಕಡಿಮೆಯಾಗುವುದಿಲ್ಲ. ಬರೀ ಗಂಜಿ ಗಂಟಲಲ್ಲಿ ಇಳಿಯದ ದಿನ ಇನ್ನೊಂದು ಬಟ್ಟಲು ಉಣ್ಣಿಸುವ ಹುಳಿ-ಖಾರ ಅದು. ಊಟವನ್ನು ಹೊಟ್ಟೆಗೆ ಸೇರಿಸುವುದೂ ಪೋಷಣೆಯ ಕೆಲಸವೇ. ‘ಪ್ರೊಟೀನಿನ ಗಣಿ’ ಎಂದು ಅದಕ್ಕಿಲ್ಲದ ಬಿರುದು ಕೊಡುವ ಅಗತ್ಯವಿಲ್ಲ.

ಗೆದ್ದಲು ಹಾತೆಯ ಕಥೆ ಬೇರೆ. ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಈ ರೆಕ್ಕೆಹುಳಗಳನ್ನು ದೀಪದ ಕೆಳಗೆ ನೀರಿನ ಪಾತ್ರೆ ಇಟ್ಟು ಹಿಡಿದು, ರೆಕ್ಕೆ ಉದುರಿಸಿ ಹುರಿದು ತಿನ್ನುವುದು ಕರ್ನಾಟಕದ ಹಲವು ಕಡೆ ಇದೆ. ಬಯಲುಸೀಮೆಯ ಈಸಲು ಇದೇ. ಹೊಸ ಹುತ್ತ ಹೂಡಲು ಹೊರಟ ಗಂಡು-ಹೆಣ್ಣುಗಳು ಇವು. ಮೊದಲ ಮರಿಗಳು ಬೆಳೆಯುವ ತನಕ ಹೊರಗಿನ ಆಹಾರ ಸಿಗದ ಕಾರಣ ಮೈತುಂಬ ಕೊಬ್ಬು ಕಟ್ಟಿಕೊಂಡು ಬರುತ್ತವೆ. ಅರುಣಾಚಲದ್ದೇ ಪರೀಕ್ಷೆಯಲ್ಲಿ ಗೆದ್ದಲಿನ ಒಣ ತೂಕದ ಅರ್ಧ ಕೊಬ್ಬು, ಮೂರನೇ ಒಂದು ಪಾಲು ಪ್ರೊಟೀನು. ಹುರಿದು ಒಣಗಿದ ಹಾತೆ ಒಂದು ಹಿಡಿ, 30 ಗ್ರಾಂ, ತಿಂದರೆ ಕೊಬ್ಬು 15 ಗ್ರಾಂ, ಪ್ರೊಟೀನು 10 ಗ್ರಾಂ, ಎರಡೂ ಸೇರಿ 175 ಕ್ಯಾಲೊರಿ. ಸಿಪ್ಪೆಯ ಪಾಲು ಕಳೆದರೂ ಒಂದು ಹಿಡಿ ಶೇಂಗಾಕ್ಕೆ ಸಮ. ಇದನ್ನು ಆಹಾರ ಎಂದೇ ಕರೆಯಬಹುದು, ನಂಚಿಕೆ ಅಲ್ಲ.

ಅನ್ನಕ್ಕೆ ಏನು ಸೇರುತ್ತದೆ

ಅನ್ನ ಉಣ್ಣುವ ಕರಾವಳಿಯಲ್ಲಿ ಪ್ರೊಟೀನಿನ ಪ್ರಮಾಣಕ್ಕಿಂತ ಲೈಸಿನ್ ಎಂಬ ಅಮೈನೋ ಆಮ್ಲದ ಕೊರತೆ ಮುಖ್ಯ. ಅಕ್ಕಿಯ ಪ್ರೊಟೀನಿನಲ್ಲಿ ಅದು ಕಡಿಮೆ. ಬೇಳೆ, ಮೀನು, ಮಜ್ಜಿಗೆ ಆ ಜಾಗ ತುಂಬುತ್ತವೆ. ಕೀಟಗಳೂ ತುಂಬುತ್ತವೆ, ಲೈಸಿನ್ ಅವುಗಳಲ್ಲಿ ಸಾಮಾನ್ಯವಾಗಿ ಧಾರಾಳ.

ಖನಿಜಗಳಲ್ಲಿ ಸತು ಚೆನ್ನಾಗಿದೆ: 100 ಗ್ರಾಂ ಹಸಿ ಕ್ರಿಕೆಟ್‌ನಲ್ಲಿ 6.7 ಮಿಲಿಗ್ರಾಂ. ಕಬ್ಬಿಣ ಸುಮಾರು 2 ಮಿಲಿಗ್ರಾಂ, ಆದರೆ ಇದು ಹುಳು ತಿಂದ ಮೇವಿನ ಮೇಲೆ ಬಹಳ ಏರಿಳಿಯುತ್ತದೆ. ಬಿ12 ವಿಟಮಿನ್ ವಿಷಯದಲ್ಲಿ ‘ಕೀಟದಲ್ಲಿ ಬಿ12 ಇದೆ’ ಎಂಬ ಒಟ್ಟು ಮಾತು ಯಾರಿಗೂ ಉಪಯೋಗವಿಲ್ಲ. ಕ್ರಿಕೆಟ್‌ನಲ್ಲಿ 5.4 ಮೈಕ್ರೋಗ್ರಾಂ, ಮೀಲ್‌ವರ್ಮ್‌ನಲ್ಲಿ ಬರೀ 0.5. ಯಾವ ಹುಳು ಎಂದು ಹೆಸರು ಹೇಳಿಯೇ ಮಾತಾಡಬೇಕು.

ಸುಣ್ಣಾಂಶದಲ್ಲಿ ಕೀಟ ಬಡವ. ಶೆಟ್ಲಿ, ಏಡಿಗಳ ಚಿಪ್ಪಿಗೆ ಸುಣ್ಣ ಸೇರಿಕೊಂಡಿರುತ್ತದೆ, ಕೀಟದ ಕವಚಕ್ಕೆ ಸಾಮಾನ್ಯವಾಗಿ ಇಲ್ಲ, ಮೂಳೆಯಂತೂ ಇಲ್ಲವೇ ಇಲ್ಲ. 100 ಗ್ರಾಂ ಹಸಿ ಕ್ರಿಕೆಟ್‌ನಲ್ಲಿ ಕ್ಯಾಲ್ಸಿಯಂ 41 ಮಿಲಿಗ್ರಾಂ, ಒಣಗಿಸಿ ತೂಗಿದರೂ 130ರ ಆಸುಪಾಸು, ಅದೇ ತೂಕದ ರಾಗಿಯಲ್ಲಿ 364. ಮುಳ್ಳುಸಮೇತ ತಿನ್ನುವ ಸಣ್ಣ ಮೀನಿನ ಕೆಲಸವನ್ನು ಕೀಟ ಮಾಡಲಾರದು. ತಾರ್ಲೆ (ಬೂತಾಯಿ) ಮೀನಿನಲ್ಲಿ ಸಿಗುವ ಸಮುದ್ರದ ಒಮೇಗಾ-3 ಕೊಬ್ಬೂ ನೆಲದ ಹುಳುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ರೇಷ್ಮೆಹುಳುವಿನ ಕೋಶದಲ್ಲಿ ಒಮೇಗಾ-3 ಇದೆ ನಿಜ, ಆದರೆ ಅದು ಅಗಸೆಯಲ್ಲಿರುವ ಬಗೆಯದು.

ಯಾರು ತಿನ್ನಬಾರದು, ಎಲ್ಲಿ ಎಡವುತ್ತೇವೆ

ಶೆಟ್ಲಿ, ಏಡಿ ತಿಂದರೆ ಮೈಮೇಲೆ ದದ್ದು ಏಳುವವರು, ತುಟಿ ಊದುವವರು, ಉಸಿರು ಕಟ್ಟುವವರು ಯಾವ ಕೀಟವನ್ನೂ ತಿನ್ನಬಾರದು. ಶೆಟ್ಲಿಯ ಸ್ನಾಯುವಿನಲ್ಲಿರುವ ಟ್ರೋಪೋಮಯೋಸಿನ್ ಎಂಬ ಪ್ರೊಟೀನು ಕೀಟದಲ್ಲೂ ಬಹುತೇಕ ಅದೇ ರೂಪದಲ್ಲಿದೆ. ಬೇಯಿಸಿದರೂ ಹುರಿದರೂ ಅದು ಕೆಡುವುದಿಲ್ಲ. ಯುರೋಪಿನಲ್ಲಿ 2021ರಿಂದ ಒಂದೊಂದಾಗಿ ಕೀಟಗಳಿಗೆ ಮಾರಾಟದ ಅನುಮತಿ ಸಿಗುತ್ತಿದೆ. ಪೊಟ್ಟಣದ ಮೇಲೆ ಶೆಟ್ಲಿ, ಚಿಪ್ಪುಜೀವಿ, ಧೂಳಿನ ನುಸಿಯ ಅಲರ್ಜಿ ಇದ್ದವರಿಗೆ ಎಚ್ಚರಿಕೆ ಬರೆಯಲೇಬೇಕು ಎಂಬ ಷರತ್ತು ಅಲ್ಲಿದೆ. ನಮ್ಮ ಕರಾವಳಿಯಲ್ಲಿ ಶೆಟ್ಲಿ ಅಲರ್ಜಿ ಇರುವವರಿಗೆ ತಮ್ಮ ತೊಂದರೆ ಗೊತ್ತೇ ಇರುತ್ತದೆ. ಆದರೆ ಇರುವೆಗೂ ಶೆಟ್ಲಿಗೂ ನಂಟಿದೆ ಎಂದು ಗೊತ್ತಿರುವುದಿಲ್ಲ. ಚಟ್ನಿ ಬಡಿಸುವ ಮೊದಲು ಈ ಒಂದು ಪ್ರಶ್ನೆ ಕೇಳಿಬಿಡಿ.

ಎರಡನೆಯದು ಐಸು ಇಲ್ಲದ ಬಂಗಡೆಯ ಸಮಸ್ಯೆ. ಬಿಸಿಲಲ್ಲಿ ಬಿಟ್ಟ ಬಂಗಡೆಯಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಹಿಸ್ಟಮಿನ್ ಮಾಡುತ್ತವೆ. ತಿಂದವರ ಮುಖ ಕೆಂಪೇರಿ ತಲೆ ಸಿಡಿಯುತ್ತದೆ. ಥೈಲ್ಯಾಂಡ್‌ನಲ್ಲಿ ಹುರಿದ ಕೀಟ ತಿಂದವರಿಗೂ ಹೀಗಾದದ್ದು ದಾಖಲಾಗಿದೆ. ಹಿಸ್ಟಮಿನ್ ಒಮ್ಮೆ ಹುಟ್ಟಿದರೆ ಎಷ್ಟು ಹುರಿದರೂ ಹೋಗದು. ಸತ್ತ ಹುಳುವನ್ನು ಕೂಡಲೇ ಬೇಯಿಸಬೇಕು, ಇಲ್ಲವೇ ಮೀನಿನ ಹಾಗೆ ತಂಪಿನಲ್ಲಿಡಬೇಕು. ರಾತ್ರಿ ಹಿಡಿದ ಹಾತೆಯನ್ನು ಬೆಳಗಿನ ತನಕ ಬುಟ್ಟಿಯಲ್ಲಿ ರಾಶಿ ಹಾಕಿಡುವುದು ಸರಿಯಲ್ಲ.

ಮಿಡತೆಯಂಥ ದೊಡ್ಡ ಹುಳುವನ್ನು ನಾವು ಕರುಳುಸಮೇತ ತಿನ್ನುವುದರಿಂದ ಬರೀ ಹುರಿಯುವುದು ಸಾಲದು. ಮೇಲೆ ಕರಿಕಾದರೂ ಒಳಗೆ ಬಿಸಿ ತಾಗಿರುವುದಿಲ್ಲ. ಸಾಕಿದ ಹುಳುವಾದರೆ ಒಂದು ದಿನ ಮೇವು ಕೊಡದೆ ಕರುಳು ಖಾಲಿ ಮಾಡಿಸಿ, ಕುದಿಯುವ ನೀರಿನಲ್ಲಿ 5 ನಿಮಿಷ ಬೇಯಿಸಿ, ನೀರು ಬಸಿದು ಆಮೇಲೆ ಹುರಿಯುವುದು ಸರಿಯಾದ ಕ್ರಮ. ಕುದಿತಕ್ಕೆ ಹೆಚ್ಚಿನ ಬ್ಯಾಕ್ಟೀರಿಯಾ ಸಾಯುತ್ತವೆ, ಕೆಲವದರ ಬೀಜಕಣಗಳು ಬದುಕಿ ಉಳಿಯುತ್ತವೆ. ಬೇಯಿಸಿ ತೇವ ಇರುವಂತೆಯೇ ಹೊರಗಿಟ್ಟರೆ ಅವೇ ಮೊಳೆಯುತ್ತವೆ. ಮಿಡತೆಯ ರೆಕ್ಕೆ, ಹಿಂಗಾಲು ಕಿತ್ತೇ ತಿನ್ನಬೇಕು. ಕಾಲಿನ ಗರಗಸದಂಥ ಮುಳ್ಳುಗಳು ಕರುಳಲ್ಲಿ ಸಿಕ್ಕಿ ಮಲ ಕಟ್ಟಿದ ಪ್ರಸಂಗಗಳು ಆಫ್ರಿಕಾದಲ್ಲಿ ಆಗಿವೆ. ನೈಜೀರಿಯಾದಲ್ಲಿ ಒಂದು ಕಾಡುರೇಷ್ಮೆಯ ಕೋಶವನ್ನು ಹಂಗಾಮಿನಲ್ಲಿ ಬಹಳವಾಗಿ ತಿಂದವರು ತೂರಾಡುವ ಕಾಯಿಲೆಗೆ ಬಿದ್ದರು. ಆ ಹುಳುವಿನಲ್ಲಿ ಬಿ1 ವಿಟಮಿನನ್ನು ಒಡೆಯುವ ಕಿಣ್ವವಿತ್ತು. ಹಿರಿಯರು ತಿನ್ನದ ಹುಳುವನ್ನು ಹೊಸದಾಗಿ ಪರೀಕ್ಷೆ ಮಾಡಲು ಹೋಗಬೇಡಿ.

ಇಷ್ಟೆಲ್ಲದಕ್ಕಿಂತ ನಮ್ಮ ಜಿಲ್ಲೆಯಲ್ಲಿ ಹೆಚ್ಚು ಭಯಪಡಬೇಕಾದದ್ದು ಔಷಧಿಗೆ. ಚಿಗುರಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆಂದು ಗೇರಿಗೆ ಕೀಟನಾಶಕ ಹೊಡೆಯುತ್ತಾರೆ. ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮೈಲುತುತ್ತದ ಬೋರ್ಡೋ ದ್ರಾವಣ, ಬೇರುಹುಳಕ್ಕೆ ಬುಡಕ್ಕೆ ಸುರಿಯುವ ವಿಷ, ಹೊಸ ಮನೆಯ ಪಾಯಕ್ಕೆ ಗೆದ್ದಲಿನ ಔಷಧಿ. ತೋಟದ ಬೇರುಹುಳ, ತೆಂಗಿನ ಕಾಂಡ ಕೊರೆಯುವ ಕೆಂಪು ಮೂತಿಹುಳದ ಮರಿ ನೋಡಲು ಕೊಬ್ಬಿದ್ದರೂ ಔಷಧಿ ಕಂಡ ಮರದ್ದಾದರೆ ಮುಟ್ಟಬಾರದು. ತೊಳೆದರೆ, ಬೇಯಿಸಿದರೆ ಹೋಗುತ್ತದೆ ಎಂಬ ಭರವಸೆ ಇಲ್ಲ. ಮನೆಯ ದೀಪಕ್ಕೆ ಬರುವ ಹಾತೆ ಯಾವ ಹುತ್ತದ್ದು ಎಂದು ಊರಿನಿಂದ ದೂರವಿರುವ ಮನೆಯವರು ಹೇಳಬಲ್ಲರು, ಪೇಟೆಯವರು ಹೇಳಲಾರರು.

ಇಡುವುದು, ಮರದಲ್ಲಿ ಬಿಡುವುದು

ಹುರಿದ ಹಾತೆಯಲ್ಲಿ ಕೊಬ್ಬು ಹೆಚ್ಚಾದ್ದರಿಂದ ಗಾಳಿ ತಾಗಿದರೆ ಹಳೆಯ ಕೊಬ್ಬರಿಯಂತೆ ಕಮಟು ಹಿಡಿಯುತ್ತದೆ. ಮಳೆಗಾಲದಲ್ಲಿ ಕರಾವಳಿಯ ಗಾಳಿಯೇ ಒದ್ದೆ, ತೇವ ಹೀರಿದ ಪುಡಿಗೆ ಬೂಷ್ಟು ಬರಲು ಹೆಚ್ಚು ದಿನ ಬೇಡ. ಮುರಿದರೆ ಚಟ್ಟೆನ್ನುವಷ್ಟು ಒಣಗಿಸಿ, ಆರಿಸಿ, ಗಾಜಿನ ಭರಣಿಯಲ್ಲಿ ಬಿಗಿಯಾಗಿ ಮುಚ್ಚಿ ಕತ್ತಲಲ್ಲಿಡಬೇಕು. ಕಮಟು ವಾಸನೆ ಬಂದದ್ದನ್ನು ಮಸಾಲೆಯಲ್ಲಿ ಮುಚ್ಚಿ ತಿನ್ನದೆ ಎಸೆಯಬೇಕು.

ಸವಳಿಯನ್ನು ಕೂಡಿಡಲು ಹೋಗದಿರುವುದೇ ಒಳ್ಳೆಯದು. ಅದು ಮರದಲ್ಲಿದ್ದಾಗಲೂ ಕೆಲಸ ಮಾಡುತ್ತಿರುತ್ತದೆ. ಗೇರಿನ ಚಿಗುರು, ಹೂವು ಹೀರುವ ಟೀ ಸೊಳ್ಳೆಯನ್ನು ಹಿಡಿದು ತಿನ್ನುವ ಇರುವೆ ಇದು. ಒಂದು ಸಂಸಾರ ಹಲವು ಮರಗಳ ಮೇಲೆ ಹತ್ತಾರು ಗೂಡುಗಳಲ್ಲಿ ಹರಡಿರುತ್ತದೆ, ರಾಣಿ ಅವುಗಳಲ್ಲಿ ಒಂದರಲ್ಲಿ ಮಾತ್ರ. ಒಂದೆರಡು ಗೂಡು ತೆಗೆದರೆ ಸಂಸಾರ ಚೇತರಿಸಿಕೊಳ್ಳುತ್ತದೆ, ಎಲ್ಲ ಗೂಡು ಇಳಿಸಿದರೆ ರಾಣಿಯೂ ಬಾಣಲೆಗೆ ಬಂದಿರುತ್ತದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಗೂಡು ಕೀಳುವಂತಿಲ್ಲ. ಸ್ವಂತ ಬೆಟ್ಟ, ಬ್ಯಾಣದಲ್ಲಾದರೆ ಎಲೆ ಇನ್ನೂ ಹಸಿರಿರುವ, ಕೈಯಲ್ಲಿ ಎತ್ತಿದರೆ ಭಾರ ಅನ್ನಿಸುವ ಗೂಡನ್ನು ಆರಿಸಿ. ಮೊಟ್ಟೆ-ಮರಿ ತುಂಬಿರುವುದು ಅದರಲ್ಲಿ. ಎಲೆ ಒಣಗಿ ಕಂದಾದ ಗೂಡನ್ನು ಇರುವೆಗಳು ಆಗಲೇ ಬಿಟ್ಟು ಹೋಗಿರುತ್ತವೆ.